ಬಿಟ್ಟ ಸ್ಥಳ

ರಾಮನಾಥಪುರದಲ್ಲಿ ಓದುವಾಗ ‘ಬಿಟ್ಟ ಸ್ಥಳ ತುಂಬಿರಿ’ ಅಂದ್ರೆ ಗೊತ್ತಿಲ್ಲದಿದ್ರೂ ಏನಾದ್ರೂ ಗೀಚಿ ಬರ್ತಿದ್ದೆ. ಆವರ್ತ ಕೋಷ್ಟಕ ಕೊಟ್ಟ ರಷ್ಯಾದ ಮೆಂಡಲೀವ್ ಹಾಗಲ್ಲ. 1869ರಲ್ಲಿ ಧಾತುಗಳನ್ನು ಜೋಡಿಸುವಾಗ, ಗುಣ ಹೊಂದದ ಕಡೆ ತುರುಕದೆ ಮನೆಗಳನ್ನು ಖಾಲಿ ಬಿಟ್ಟ. ಅಲ್ಯೂಮಿನಿಯಂ ಕೆಳಗಿನ ಖಾಲಿ ಮನೆಗೆ ‘ಏಕ-ಅಲ್ಯೂಮಿನಿಯಂ’ ಅಂತ ಹೆಸರಿಟ್ಟ. ಸಂಸ್ಕೃತದ್ದೇ ‘ಏಕ’, ನಮ್ಮ ಏಕವಚನದ ಏಕ! 1871ರಲ್ಲಿ ಅದರ ಸಾಂದ್ರತೆ ಸುಮಾರು 5.9 ಎಂದೂ ಬರೆದಿಟ್ಟ.

1875ರಲ್ಲಿ ಫ್ರಾನ್ಸಿನ ಬ್ವಾಬೊದ್ರಾನ್‌ಗೆ ಆ ಲೋಹ ಸಿಕ್ಕಿತು. ಅದೇ ಗ್ಯಾಲಿಯಂ. ಅಳೆದರೆ 4.7. ‘ಶುದ್ಧ ಮಾಡಿ ಮತ್ತೆ ಅಳೆಯಿರಿ’ ಅಂದ ಮೆಂಡಲೀವ್. ಅಳೆದರು, 5.9 ಬಂತು.

ಈಗ ಆಫೀಸ್ ಮೀಟಿಂಗಲ್ಲಿ ಉತ್ತರ ಗೊತ್ತಿಲ್ಲದಿದ್ರೆ ನಾನು ಗೀಚೋಕೆ ಹೋಗಲ್ಲ. ಜಾಗ ಬಿಡ್ತೀನಿ, ಅಲ್ಲಿ ಏನು ಬರಬೇಕು ಅಂತ ಮಾತ್ರ ಬರೆದಿಡ್ತೀನಿ.