ರಕ್ತದ ಕಿಣ್ವಗಳು: ಪ್ರಾಣಿಗಳ ಅಂಗಾಂಶಹಾನಿಯ ಸೂಚಕಗಳಾಗಿ

ಜೀವಕೋಶದೊಳಗೆ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಕಿಣ್ವಗಳು ಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತವೆ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವಾದ ಸೀರಂನಲ್ಲಿ ಅವುಗಳ ಚಟುವಟಿಕೆಯನ್ನು ಅಳೆದು ಹಾನಿಯಾದ ಅಂಗವನ್ನು ಊಹಿಸುವ ಕ್ರಮ ಪಶುವೈದ್ಯಕ್ಕೆ ಬಹುಮಟ್ಟಿಗೆ ಮಾನವ ವೈದ್ಯದಿಂದ ಬಂದದ್ದು. ಅಮೈಲೇಸ್ ಮತ್ತು ಆಲ್ಕಲೈನ್ ಫಾಸ್ಫಟೇಸ್‌ಗಳ ಅಳತೆ ಅದಕ್ಕೂ ಹಿಂದಿನದಾದರೂ, 1954ರಲ್ಲಿ ನ್ಯೂಯಾರ್ಕಿನ ಲಾಡ್ಯೂ, ವ್ರೊಬ್ಲೆವ್‌ಸ್ಕಿ ಮತ್ತು ಕಾರ್ಮೆನ್ ಹೃದಯಾಘಾತವಾದವರ ಸೀರಂನಲ್ಲಿ ಎಸ್‌ಜಿಒಟಿ (ಇಂದಿನ ಹೆಸರು ಎಎಸ್‌ಟಿ) ಎಂಬ ಕಿಣ್ವ ಏರುವುದನ್ನು ತೋರಿಸಿದ ಮೇಲೆಯೇ ಪರೀಕ್ಷೆ ವ್ಯಾಪಕವಾಯಿತು.

ಗೊಂದಲ ಹುಟ್ಟಿದ್ದು ಆ ಬಳಿಕ. ಮನುಷ್ಯರಲ್ಲಿ ಇನ್ನೊಂದು ಕಿಣ್ವವಾದ ಎಸ್‌ಜಿಪಿಟಿ, ಅಂದರೆ ಎಎಲ್‌ಟಿ, ಯಕೃತ್ತಿನ ಹಾನಿಯ ಗುರುತಾಗಿದ್ದುದರಿಂದ ಎಲ್ಲ ಪ್ರಾಣಿಗಳಲ್ಲೂ ಹಾಗೆಯೇ ಇರಬೇಕೆಂಬ ಎಣಿಕೆ ಬೆಳೆಯಿತು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿದ್ದ ಕಾರ್ನೀಲಿಯಸ್ ಮತ್ತು ಸಂಗಡಿಗರು 1959ರಲ್ಲಿ ಸಾಕುಪ್ರಾಣಿಗಳ ಸೀರಂ ಮತ್ತು ಅಂಗಾಂಶಗಳೆರಡರಲ್ಲೂ ಈ ಕಿಣ್ವಗಳನ್ನು ಅಳೆದದ್ದು ಈ ಚರಿತ್ರೆಯ ನಿಜವಾದ ತಿರುವು: ನಾಯಿ, ಬೆಕ್ಕುಗಳ ಯಕೃತ್ತಿನಲ್ಲಿ ಎಎಲ್‌ಟಿ ಧಾರಾಳ, ದನ, ಕುರಿ, ಕುದುರೆಗಳ ಯಕೃತ್ತಿನಲ್ಲಿ ಅದು ಅತ್ಯಲ್ಪ. ಹಸುವಿನ ಯಕೃತ್ತು ಕೆಟ್ಟಿದ್ದರೂ ಎಎಲ್‌ಟಿ ಏರದೇ ಇರಬಹುದು. ಕಾರ್ನೀಲಿಯಸ್ ಮತ್ತು ಕನೆಕೊ 1963ರಲ್ಲಿ ಸಂಪಾದಿಸಿದ ಸಾಕುಪ್ರಾಣಿಗಳ ಚಿಕಿತ್ಸಾ ಜೀವರಸಾಯನಶಾಸ್ತ್ರದ ಗ್ರಂಥ ಈ ತಿಳಿವಳಿಕೆಗೆ ನೆಲೆ ಒದಗಿಸಿತು. ಹಳೆಯ ವರದಿಗಳನ್ನು ಹೋಲಿಸುವವರಿಗೆ ಇನ್ನೊಂದು ತೊಡಕೂ ಉಂಟು: ಕಿಣ್ವದ ಚಟುವಟಿಕೆ ಅಳೆಯುವ ಕಾರ್ಮೆನ್ ಮಾನ, ರೈಟ್‌ಮನ್–ಫ್ರಾಂಕೆಲ್ ಮಾನ, ಅಂತರರಾಷ್ಟ್ರೀಯ ಮಾನಗಳು ಒಂದೇ ಅಲ್ಲ, ಅಳೆಯುವಾಗಿನ ಉಷ್ಣತೆ ಬದಲಾದರೂ ಅಂಕಿ ಬದಲಾಗುತ್ತದೆ.

ಎಎಸ್‌ಟಿ ಯಕೃತ್ತು, ಸ್ನಾಯು ಎರಡರಲ್ಲೂ ಇರುವುದರಿಂದ ಒಂಟಿಯಾಗಿ ದಾರಿ ತಪ್ಪಿಸಬಲ್ಲದು. ಕರು ಹಾಕಿದ ಮೇಲೆ ಎದ್ದೇಳಲಾರದೆ ಮಲಗಿದ ಹಸುವಿನ ತೊಡೆಯ ಸ್ನಾಯು ತನ್ನ ದೇಹದ ಭಾರಕ್ಕೇ ನಜ್ಜಾಗಿ ಎಎಸ್‌ಟಿ ಏರುತ್ತದೆ. ಜೊತೆಗೆ ಸ್ನಾಯುವಿನ ಕ್ರಿಯಾಟಿನ್ ಕೈನೇಸ್ ನೋಡಿದರೆ ಮೂಲ ತಿಳಿಯುತ್ತದೆ. ಕ್ರಿಯಾಟಿನ್ ಕೈನೇಸ್ ಗಂಟೆಗಳಲ್ಲಿ ತಗ್ಗುತ್ತದೆ, ಎಎಸ್‌ಟಿ ದಿನಗಟ್ಟಲೆ ಉಳಿಯುತ್ತದೆ. ಮೊದಲನೆಯದು ಇಳಿದು ಎರಡನೆಯದು ಮೇಲೇ ಇದ್ದರೆ ಹಾನಿ ನಿಂತಿರಬಹುದು. ಸೀರಂ ನಸುಗೆಂಪಾಗಿದ್ದರೆ ಕೆಂಪು ರಕ್ತಕಣ ಒಡೆದು ಅದರ ಎಎಸ್‌ಟಿಯೂ ಬೆರೆತಿರುತ್ತದೆ, ಆಗ ಅಂಕಿಯನ್ನು ನಂಬುವಂತಿಲ್ಲ.

ದನಕುರಿಗಳಲ್ಲಿ ಎಎಲ್‌ಟಿಯ ಜಾಗಕ್ಕೆ ಗ್ಲುಟಮೇಟ್ ಡಿಹೈಡ್ರೋಜಿನೇಸ್, ಸಾರ್ಬಿಟಾಲ್ ಡಿಹೈಡ್ರೋಜಿನೇಸ್‌ಗಳು ಬಂದವು. ಹುಲ್ಲುಗಾವಲಿನ ಒಣಗಿದ ಹುಲ್ಲಿನ ಮೇಲೆ ಬೆಳೆಯುವ ಶಿಲೀಂಧ್ರದ ಸ್ಪೋರಿಡೆಸ್ಮಿನ್ ವಿಷ ಕುರಿಗಳ ಪಿತ್ತನಾಳವನ್ನು ಕೆಡಿಸುವ ನ್ಯೂಜಿಲೆಂಡಿನಲ್ಲಿ ಜಿಜಿಟಿ ಎಂಬ ಕಿಣ್ವ ಹಿಂಡುಗಳ ತಪಾಸಣೆಗೂ, ವಿಷ ತಾಳಬಲ್ಲ ಟಗರುಗಳ ಆಯ್ಕೆಗೂ ಬಳಕೆಯಾಯಿತು. ನಾಯಿಗಳಲ್ಲಿ ಮಾತ್ರ ಕಾರ್ಟಿಸೋನ್ ಬಗೆಯ ಔಷಧಿಗಳು ಆಲ್ಕಲೈನ್ ಫಾಸ್ಫಟೇಸ್‌ನ ಪ್ರತ್ಯೇಕ ರೂಪವೊಂದನ್ನು ಹೆಚ್ಚಿಸುತ್ತವೆ. ಅಲ್ಲಿ ಏರಿಕೆಗೆ ಕಾರಣ ಸೋರಿಕೆಯಲ್ಲ, ಯಕೃತ್ತು ಅದನ್ನು ಹೆಚ್ಚಾಗಿ ತಯಾರಿಸುವುದು.