ಆಶ್ರಮದಿಂದ ಬೀದಿಗೆ ಬಂದ ದೂರದರ್ಶಕ

ಮಕ್ಕಳ ಹಟಕ್ಕೆ ಮಣಿದು ದೂರದರ್ಶಕ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ: 'ಇದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?' ಪೆಟ್ಟಿಗೆಯ ಮೇಲೆ 500 ಪಟ್ಟು ಎಂದು ಅಚ್ಚಾಗಿದ್ದರೆ ವ್ಯಾಪಾರ ಕುದುರಿತೆಂದೇ ಲೆಕ್ಕ. ಮನೆಗೆ ತಂದು ತಾರಸಿಯ ಮೇಲೆ ನಿಲ್ಲಿಸಿದರೆ ಗುರುಗ್ರಹ ಸಿಕ್ಕುವುದಿಲ್ಲ; ಸಿಕ್ಕರೂ ಗಾಳಿಗಿಟ್ಟ ದೀಪದಂತೆ ನಡುಗುತ್ತದೆ. ತಿಂಗಳೊಳಗೆ ಅದು ಅಟ್ಟ ಸೇರುತ್ತದೆ. ದೋಷ ಎಷ್ಟೋ ಸಲ ಕೊಳವೆಯದಲ್ಲ, ಅದನ್ನು ಹೊತ್ತ ಕಾಲುಗಳದು.

ಈ ಕಾಲುಗಳಿಗೂ ಒಂದು ಚರಿತ್ರೆಯಿದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ದೂರದರ್ಶಕದಲ್ಲಿ ಹಿಡಿದ ನಕ್ಷತ್ರ ಕೆಲವೇ ನಿಮಿಷಗಳಲ್ಲಿ ಜಾರಿಹೋಗುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಇದಕ್ಕೊಂದು ಉಪಾಯ ಮಾಡಿದ. ಒಂದು ಅಕ್ಷವನ್ನು ಧ್ರುವದ ಕಡೆಗೆ ಓರೆಯಾಗಿಟ್ಟು, ಗಡಿಯಾರದ ಯಂತ್ರದಿಂದ ತಿರುಗಿಸಿದರೆ ಕೊಳವೆ ತಾನಾಗಿ ನಕ್ಷತ್ರವನ್ನು ಹಿಂಬಾಲಿಸುತ್ತದೆ. ಇಂದಿನ ಎಸ್ಟೋನಿಯಾದ ಟಾರ್ಟು ನಗರದಲ್ಲಿ 1824ರಲ್ಲಿ ನಿಂತ ಅವನ ದೂರದರ್ಶಕ ವೀಕ್ಷಣಾಲಯಗಳಿಗೆ ಮಾದರಿಯಾಯಿತು. ಆದರೆ ಅಂಥ ಪೀಠ ಭಾರ, ದುಬಾರಿ. ಅಗ್ಗದ ನಕಲು ಮಾಡಿದರೆ ಅಲುಗಾಟ ತಪ್ಪದು.

ಈ ಗಂಟನ್ನು ಬಿಡಿಸಿದವರು ಒಬ್ಬ ಆಶ್ರಮವಾಸಿ. 1915ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದ ಜಾನ್ ಡಾಬ್ಸನ್ ಬರ್ಕ್‌ಲಿಯಲ್ಲಿ ರಸಾಯನಶಾಸ್ತ್ರ ಓದಿ, 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಆಶ್ರಮ ಸೇರಿದರು. ನಮ್ಮ ರಾಮಕೃಷ್ಣ ಪರಂಪರೆಯದೇ ಆಶ್ರಮ ಅದು. ವಿಶ್ವವನ್ನು ಕಣ್ಣಾರೆ ನೋಡಬೇಕೆಂಬ ಹುಚ್ಚು ಅವರಿಗೆ. ಕೈಯಲ್ಲಿ ಕಾಸಿಲ್ಲ. ಹಳೆಯ ಹಡಗುಗಳ ಕಿಟಕಿಯ ದಪ್ಪ ಗಾಜನ್ನು ಉಜ್ಜಿ ಉಜ್ಜಿ ನಿಮ್ನ ದರ್ಪಣ ಮಾಡಿದರು. ಕೊಳವೆಗೆ ರಟ್ಟಿನ ಸುರುಳಿ, ಪೀಠಕ್ಕೆ ಪ್ಲೈವುಡ್ ಪೆಟ್ಟಿಗೆ.

ಸ್ಯಾಕ್ರಮೆಂಟೋದ ಆಶ್ರಮಕ್ಕೆ ಬಂದ ಮೇಲೂ ಈ ಕೆಲಸ ಗುಟ್ಟಾಗಿಯೇ ಸಾಗಿತು. ಹೊರಗಿನವರಿಗೆ ಬರೆಯುವ ಪತ್ರಗಳಲ್ಲಿ ದೂರದರ್ಶಕಕ್ಕೆ 'ಜೆರೇನಿಯಂ ಗಿಡ' ಎಂಬ ಸಂಕೇತ. ಗಿಡ ಹೂಬಿಟ್ಟಿದೆ ಎಂದರೆ ದರ್ಪಣಕ್ಕೆ ಅಲ್ಯೂಮಿನಿಯಂ ಲೇಪ ಆಗಿದೆ ಎಂದು ಅರ್ಥ! ಕೊನೆಗೆ 1967ರಲ್ಲಿ ಅವರು ಆಶ್ರಮ ಬಿಡಬೇಕಾಯಿತು. 23 ವರ್ಷ ಬಾಳಿದ ಜಾಗ. ಹೊರಗೆ ಮನೆಯಿಲ್ಲ, ಸಂಬಳವಿಲ್ಲ. ಮರುವರ್ಷವೇ ಗೆಳೆಯರೊಡನೆ ಬೀದಿಬದಿಯ ಖಗೋಳವೀಕ್ಷಕರ ಸಂಘ ಕಟ್ಟಿ, ದಾರಿಹೋಕರನ್ನು ಕರೆಕರೆದು ಚಂದ್ರನನ್ನೂ ಶನಿಯ ಬಳೆಯನ್ನೂ ತೋರಿಸತೊಡಗಿದರು.

ಅವರ ಪೀಠ ತೋಪಿನ ತೊಟ್ಟಿಲಿನಂತೆ: ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಅಷ್ಟೇ ಚಲನೆ. ಗುಟ್ಟಿರುವುದು ಫಾರ್ಮಿಕಾ ಹಲಗೆಯ ಮೇಲೆ ಜಾರುವ ಟೆಫ್ಲಾನ್ ತುಂಡುಗಳಲ್ಲಿ. ಬೆರಳಿನಿಂದ ತಳ್ಳಿದರೆ ಜರ್ಕ್ ಇಲ್ಲದೆ ಸರಿಯುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಡಾಬ್ಸನ್ ಪೇಟೆಂಟ್ ಪಡೆಯಲಿಲ್ಲ. ಹಾಗಾಗಿ ಯಾರು ಬೇಕಾದರೂ ಮಾಡಿದರು, ಮಾರಿದರು. ಹೀಗೆ 'ಡಾಬ್ಸೋನಿಯನ್' ಎಂಬ ಹೆಸರು ಬಿತ್ತು.

ಕೊಳ್ಳುವವರಿಗೆ ಇದರಿಂದ ಏನು ಲಾಭ? ಪೀಠಕ್ಕೆ ಹೋಗುತ್ತಿದ್ದ ಹಣ ದರ್ಪಣಕ್ಕೆ ಸಿಗುತ್ತದೆ. 60 ಮಿಲಿಮೀಟರ್ ಮಸೂರಕ್ಕಿಂತ 150 ಮಿಲಿಮೀಟರ್ (ಸುಮಾರು 6 ಅಂಗುಲ) ದರ್ಪಣ ಆರು ಪಟ್ಟಿಗೂ ಹೆಚ್ಚು ಬೆಳಕು ಹಿಡಿಯುತ್ತದೆ. ಮಿಲಿಮೀಟರಿಗೆ ಎರಡು ಪಟ್ಟು, ಅದಕ್ಕಿಂತ ಹಿಗ್ಗಿಸಿದರೆ ಬಿಂಬ ಮಸುಕಾಗುತ್ತದೆ. ಅಂದರೆ 60 ಮಿಲಿಮೀಟರಿನ ದೂರದರ್ಶಕಕ್ಕೆ 120 ಪಟ್ಟೇ ಗಡಿ. ಪೆಟ್ಟಿಗೆಯ ಮೇಲಿನ 500 ಬರೀ ಮಾತು. ಶನಿಯ ಬಳೆಗೆ 50 ಪಟ್ಟು ಸಾಕು.

ಕೊರತೆಯೂ ಇದೆ. ನಡುನೆತ್ತಿಯ ಬಳಿ ಡಾಬ್ಸೋನಿಯನ್ ತಿರುಗಿಸುವುದು ಕಷ್ಟ. ನೀಹಾರಿಕೆಗಳ ದೀರ್ಘ ಛಾಯಾಗ್ರಹಣ ಬೇಕೆಂದರೆ ಫ್ರೌನ್‌ಹೋಫರನ ಓರೆ ಅಕ್ಷವೇ ಒಳ್ಳೆಯದು. ಆದರೆ ಅದನ್ನು ಧ್ರುವನಕ್ಷತ್ರಕ್ಕೆ ನೇರ ಹಿಡಿಯಬೇಕು. ಬೆಂಗಳೂರಿನಲ್ಲಿ ಧ್ರುವ ದಿಗಂತದಿಂದ ಕೇವಲ 13 ಡಿಗ್ರಿ ಎತ್ತರ. ಉತ್ತರಕ್ಕೆ ಪಕ್ಕದ ಮನೆಯವರು ಎರಡು ಮಹಡಿ ಎಬ್ಬಿಸಿದ್ದರೆ ಮುಗಿಯಿತು.

ಡಾಬ್ಸನ್ 2014ರ ಜನವರಿಯಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಾದರಿಯ ಪ್ಲೈವುಡ್ ಪೀಠವನ್ನು ಬಡಗಿಯೊಬ್ಬರ ನೆರವಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು.