ಲಘು, ಗುರು, ಮದ್ದ್: ದನಿಯನ್ನು ಅಳೆದವರ ಚರಿತ್ರೆ

ನಮ್ಮ ಸಾಂಬ್ರಾದಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳು ಹಗಲು ಕನ್ನಡ ತರಗತಿಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕುತ್ತಾರೆ. ಹ್ರಸ್ವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘ ಅಕ್ಷರ ಗುರು, ಅದಕ್ಕೆ ಎರಡು ಮಾತ್ರೆ. ಮಗ್ರಿಬ್ ನಮಾಝ್ ಮುಗಿದ ಮೇಲೆ ಅದೇ ಮಕ್ಕಳು ಮಕ್ತಬ್‌ನಲ್ಲಿ ಕುರ್‌ಆನ್ ಓದುತ್ತ ಬೆರಳು ಮಡಚಿ ಮದ್ದ್ ಎಣಿಸುತ್ತಾರೆ: ಇಲ್ಲಿ ಎರಡು ಹರಕತ್, ಇಲ್ಲಿ ನಾಲ್ಕು, ಇಲ್ಲಿ ಆರು. ಎರಡೂ ಕಡೆ ನಡೆಯುವುದು ಒಂದೇ ಕೆಲಸ: ಬಾಯಿಂದ ಹೊರಡುವ ದನಿಯ ಅಳತೆ.

ಈಗ ಈ ಅಳತೆಗೆ ಯಂತ್ರವೂ ಬಂದಿದೆ. ಕವಿತೆಯ ಸಾಲು ಕೊಟ್ಟರೆ ಅದರ ಛಂದಸ್ಸು ಹೇಳುವ ತಂತ್ರಾಂಶಗಳಿವೆ. ಮೊಬೈಲ್ ಮುಂದೆ ಸೂರಾ ಓದಿದರೆ ತಪ್ಪಿದಲ್ಲಿ ಗುರುತು ಹಾಕುವ ಆ್ಯಪ್‌ಗಳಿವೆ. ಕೆಲವು ಮನೆಗಳಲ್ಲಿ, "ಆ್ಯಪೇ ಕಲಿಸುತ್ತದೆ, ಮಕ್ಕಳನ್ನು ಮಕ್ತಬ್‌ಗೆ ಯಾಕೆ ಕಳಿಸಬೇಕು?" ಎನ್ನುತ್ತಾರೆ. ಇನ್ನು ಕೆಲವರು, "ದೀನಿನ ವಿಷಯದಲ್ಲಿ ಯಂತ್ರಕ್ಕೇನು ಕೆಲಸ?" ಎಂದು ಮುಖ ತಿರುಗಿಸುತ್ತಾರೆ. ಎರಡೂ ಮಾತಿಗೆ ಉತ್ತರ ನಮ್ಮ ಹಿರಿಯರ ಚರಿತ್ರೆಯಲ್ಲೇ ಇದೆ.

ಕಂಚುಗಾರರ ಓಣಿಯ ಸುತ್ತಿಗೆ

ಕ್ರಿ.ಶ. 8ನೇ ಶತಮಾನದ ಬಸರಾ ನಗರ. ಅಲ್ಲಿ ಇಮಾಮ್ ಖಲೀಲ್ ಬಿನ್ ಅಹ್ಮದ್ ಅಲ್-ಫರಾಹೀದೀ(ರಹ್) ಎಂಬ ಮಹಾ ವಿದ್ವಾಂಸರಿದ್ದರು. ಅರಬರು ಅವರಿಗಿಂತ ಮೊದಲೂ ಸೊಗಸಾಗಿ ಕವಿತೆ ಕಟ್ಟುತ್ತಿದ್ದರು. ಆದರೆ ಆ ಕವಿತೆಯ ನಡೆ ಯಾವ ನಿಯಮದ ಮೇಲೆ ನಿಂತಿದೆ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಕಂಚುಗಾರರ ಓಣಿಯಲ್ಲಿ ಹೋಗುವಾಗ ಸುತ್ತಿಗೆಯ ಪೆಟ್ಟುಗಳ ಏರಿಳಿತ ಕೇಳಿ ಖಲೀಲರಿಗೆ ಅದು ಹೊಳೆಯಿತು ಎಂಬ ಕತೆ ಪ್ರಸಿದ್ಧವಾಗಿದೆ.

ಅವರು ಮಾಡಿದ್ದು ಸರಳವಾದ ಕೆಲಸ. ಮಾತಿನಲ್ಲಿ ಸ್ವರ ಹೊತ್ತು ಚಲಿಸುವ ಅಕ್ಷರ ಯಾವುದು, ಸ್ವರವಿಲ್ಲದೆ ನಿಲ್ಲುವ ಅಕ್ಷರ ಯಾವುದು ಎಂದು ಬೇರ್ಪಡಿಸಿದರು. ಮೊದಲನೆಯದು ಮುತಹರ್ರಿಕ್, ಎರಡನೆಯದು ಸಾಕಿನ್. ಈ ಎರಡರ ಜೋಡಣೆಯಿಂದಲೇ ಅರಬಿ ಕಾವ್ಯದ 15 ಬಹರ್‌ಗಳನ್ನು ಐದು ವೃತ್ತಗಳಲ್ಲಿ ಇಟ್ಟು ತೋರಿಸಿದರು. 16ನೆಯದನ್ನು ಮುಂದೆ ಅಖ್ಫಶ್ ಎಂಬ ವಿದ್ವಾಂಸರು ಸೇರಿಸಿದರೆಂದು ಹೇಳುತ್ತಾರೆ. ಈ ಶಾಸ್ತ್ರಕ್ಕೆ ಇಲ್ಮುಲ್ ಅರೂಝ್ ಎಂದು ಹೆಸರು. ಇಂದು ನಮ್ಮ ಮುಸ್‌ಹಫ್‌ನಲ್ಲಿ ಕಾಣುವ ಝಬರ್, ಝೇರ್, ಪೇಶ್, ತಶ್ದೀದ್ ಗುರುತುಗಳಿಗೆ ಈಗಿನ ರೂಪ ಕೊಟ್ಟವರೂ ಇದೇ ಖಲೀಲರು.

ಒಂದು ಮಾತು ಇಲ್ಲೇ ಸ್ಪಷ್ಟವಾಗಲಿ. ಕುರ್‌ಆನ್ ಕವಿತೆಯಲ್ಲ, ಸೂರಾ ಯಾಸೀನ್‌ನ 69ನೇ ಆಯತ್ ಇದನ್ನು ಬಿಡಿಸಿ ಹೇಳುತ್ತದೆ. ಅರೂಝ್ ಇರುವುದು ಕವಿತೆಗೆ, ತಜ್ವೀದ್ ಇರುವುದು ಕುರ್‌ಆನಿಗೆ. ಆದರೆ ದನಿಗೆ ಅಳತೆ ಉಂಟು, ಅದನ್ನು ಕೆಡಿಸಬಾರದು ಎಂಬ ಎಚ್ಚರ ಎರಡರಲ್ಲೂ ಒಂದೇ.

ಬಸರಾದ ಅಳತೆ, ಕನ್ನಡದ ಅಳತೆ

ನಮ್ಮ ದೇಶದಲ್ಲಿ ಇದೇ ಕೆಲಸವನ್ನು ಖಲೀಲರಿಗಿಂತ ಬಹಳ ಮೊದಲೇ ಪಿಂಗಳ ಮಾಡಿದ್ದ. ಮೂರು ಅಕ್ಷರಗಳ ಗುಂಪು ತೆಗೆದುಕೊಳ್ಳಿ. ಪ್ರತಿ ಅಕ್ಷರವೂ ಲಘು ಆಗಿರಬೇಕು ಇಲ್ಲವೇ ಗುರು ಆಗಿರಬೇಕು. ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಮಕ್ಕಳು ಬಾಯಿಪಾಠ ಮಾಡುವ ಯಗಣ, ಮಗಣ ಮೊದಲಾದ ಎಂಟು ಗಣಗಳು ಇವೇ. ಇಂದಿನ ಕಂಪ್ಯೂಟರ್ ಲೆಕ್ಕ ಮಾಡುವುದೂ 0 ಮತ್ತು 1 ಎಂಬ ಎರಡೇ ಗುರುತಿನಿಂದ. ಕನ್ನಡಕ್ಕೆ ಈ ಶಾಸ್ತ್ರವನ್ನು ತಂದವನು 10ನೇ ಶತಮಾನದ ಕೊನೆಯಲ್ಲಿದ್ದ ಒಂದನೇ ನಾಗವರ್ಮ. ಅವನ ಗ್ರಂಥ 'ಛಂದೋಂಬುಧಿ'. ಕಳೆದ ಶತಮಾನದಲ್ಲಿ ನಮ್ಮ ಬೆಳಗಾವಿ ಜಿಲ್ಲೆಯವರೇ ಆದ ಕವಿ ಡಿ.ಎಸ್. ಕರ್ಕಿಯವರು 'ಕನ್ನಡ ಛಂದೋವಿಕಾಸ' ಎಂಬ ಗ್ರಂಥ ಬರೆದರು.

ಈಗ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಅರೂಝ್‌ನಲ್ಲಿ 'ಫಊಲುನ್' ಎಂಬ ಅಳತೆ ಇದೆ. 'ಫ' ಲಘು, 'ಊ' ಗುರು, 'ಲುನ್' ಗುರು. ಕನ್ನಡದ ಮಗು ಇದನ್ನು ಯಗಣ ಎನ್ನುತ್ತದೆ. ಒಂದು ಸಾಲಿನಲ್ಲಿ ನಾಲ್ಕು ಯಗಣ ಬಂದರೆ ಅದು ಭುಜಂಗಪ್ರಯಾತ ವೃತ್ತ. ನಾಲ್ಕು 'ಫಊಲುನ್' ಬಂದರೆ ಅದು ಅರಬಿಯ ಮುತಖಾರಿಬ್ ಬಹರ್. ಹಾಗೆಯೇ 'ಫಾಇಲುನ್' ಎಂದರೆ ಗುರು, ಲಘು, ಗುರು, ನಮ್ಮ ರಗಣ. ಬಸರಾದ ಅಳತೆ ನಮ್ಮ ಶಾಲೆಯ ಕನ್ನಡ ಪುಸ್ತಕದಲ್ಲೂ ಕೂತಿದೆ!

ಈ ಹೋಲಿಕೆಯನ್ನು ಸಾವಿರ ವರ್ಷದ ಹಿಂದೆಯೇ ಒಬ್ಬ ಮುಸ್ಲಿಮ್ ವಿದ್ವಾಂಸರು ಗಮನಿಸಿದ್ದರು. ಕ್ರಿ.ಶ. 973ರಲ್ಲಿ ಖ್ವಾರಿಝ್ಮ್‌ನಲ್ಲಿ ಹುಟ್ಟಿದ ಅಲ್-ಬೀರೂನೀ ಭಾರತಕ್ಕೆ ಬಂದು ಸಂಸ್ಕೃತ ಕಲಿತು, ಸುಮಾರು 1030ರಲ್ಲಿ 'ಕಿತಾಬುಲ್ ಹಿಂದ್' ಬರೆದರು. ಅದರಲ್ಲಿ ಭಾರತೀಯರ ವ್ಯಾಕರಣ ಮತ್ತು ಛಂದಸ್ಸಿಗೆ ಒಂದು ಅಧ್ಯಾಯವೇ ಇದೆ. ಇಲ್ಲಿನ ಪಂಡಿತರು ಲಘು-ಗುರುಗಳಿಗೆ ಗುರುತು ಹಾಕಿ ಎಣಿಸುವುದು ಖಲೀಲರ ಪದ್ಧತಿಯಂತೆಯೇ ಇದೆ ಎಂದು ಅವರು ಬರೆಯುತ್ತಾರೆ. ಭಾರತದ ಛಂದಸ್ಸಿನ ಸುದ್ದಿ ಖಲೀಲರ ಕಿವಿಗೆ ಬಿದ್ದಿರಬಹುದು ಎಂಬ ಕೆಲವರ ಊಹೆಯನ್ನೂ ಉಲ್ಲೇಖಿಸುತ್ತಾರೆ. ಇಲ್ಲಿನ ವಿದ್ವಾಂಸರಿಗಾಗಿ ಯೂಕ್ಲಿಡ್‌ನ ಗಣಿತವನ್ನು ಶ್ಲೋಕದಲ್ಲಿ ಹೇಳಲು ತಾವೇ ಪ್ರಯತ್ನಿಸಿದ್ದಾಗಿಯೂ ಹೇಳಿಕೊಂಡಿದ್ದಾರೆ. ಪರರ ವಿದ್ಯೆಯನ್ನು ಗೌರವದಿಂದ ಕಲಿತು ತಮ್ಮ ವಿದ್ಯೆಯ ಜೊತೆ ತೂಗಿ ನೋಡುವ ಈ ಗುಣ ನಮ್ಮ ಮಕ್ಕಳಿಗೆ ಬೇಕು. ಕನ್ನಡದ ಛಂದಸ್ಸು ಪರರದ್ದೆಂದು ಯಾವ ಮಗುವೂ ತಿಳಿಯಬಾರದು. ಶಿಶುನಾಳ ಶರೀಫ ಸಾಹೇಬರು (1819–1889) ಹಾಡಿದ್ದು ಕನ್ನಡದ ಮಟ್ಟಿನಲ್ಲೇ. ಮೊಹರಂ ದಿನಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೇಳಿಬರುವ ರಿವಾಯತ್ ಪದಗಳೂ ಕನ್ನಡದವೇ.

ಗಂಟಲಿನಿಂದ ತುಟಿಯವರೆಗೆ

ಖಲೀಲರು 'ಕಿತಾಬುಲ್ ಐನ್' ಎಂಬ ನಿಘಂಟನ್ನು ಯೋಜಿಸಿದಾಗ ಅಕ್ಷರಗಳನ್ನು ಅಲಿಫ್, ಬಾ, ತಾ ಎಂಬ ರೂಢಿಯ ಕ್ರಮದಲ್ಲಿ ಇಡಲಿಲ್ಲ. ಗಂಟಲಿನ ಆಳದ 'ಐನ್'ನಿಂದ ಆರಂಭಿಸಿ ನಾಲಿಗೆಯ ಮೂಲಕ ತುಟಿಯ ಕಡೆಗೆ ಬಂದರು. ನಮ್ಮ ವರ್ಣಮಾಲೆಯ ಕ, ಚ, ಟ, ತ, ಪ ವರ್ಗಗಳೂ ಹೀಗೆಯೇ ಒಳಗಿನಿಂದ ತುಟಿಗೆ ಬರುತ್ತವೆ. ಖಲೀಲರ ಶಿಷ್ಯ ಸೀಬವೈಹಿ(ರಹ್) ಅಕ್ಷರಗಳು ಹೊರಡುವ 16 ಸ್ಥಾನಗಳನ್ನು, ಅಂದರೆ ಮಖಾರಿಜ್‌ಗಳನ್ನು, ವಿವರಿಸಿದರು. ಅವರು ಪಾರಸೀ ಮೂಲದವರು. ಅರಬಿ ತಾಯಿನುಡಿಯಲ್ಲದವರೇ ಅರಬಿ ವ್ಯಾಕರಣದ ಇಮಾಮರಾದರು ಎಂಬುದು ಕನ್ನಡ, ದಖನಿ, ಮರಾಠಿ ನಾಲಿಗೆಯ ನಮಗೆ ಧೈರ್ಯ ಕೊಡುವ ಮಾತು. ತಜ್ವೀದ್‌ನ ಮಹಾ ಗುರು ಇಬ್ನುಲ್ ಜಝರೀ(ರಹ್) 17 ಸ್ಥಾನಗಳ ಎಣಿಕೆಯನ್ನು ಆರಿಸಿಕೊಂಡರು. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ವೈದ್ಯರ ಕಣ್ಣಿನಿಂದ ಗಂಟಲು, ನಾಲಿಗೆಗಳ ರಚನೆ ನೋಡಿ, ಅಕ್ಷರ ಹುಟ್ಟುವ ಕಾರಣಗಳ ಬಗ್ಗೆ ಒಂದು ಪುಟ್ಟ ಗ್ರಂಥ ಬರೆದರು.

ಇಷ್ಟು ಸೂಕ್ಷ್ಮ ಯಾಕೆ ಬೇಕು? ನಮ್ಮೂರಿನ ವಿಮಾನ ನಿಲ್ದಾಣವನ್ನೇ ನೆನೆಯಿರಿ. ರೇಡಿಯೋದಲ್ಲಿ 'ಬಿ' ಮತ್ತು 'ಡಿ' ಒಂದೇ ಆಗಿ ಕೇಳಿ ಅನಾಹುತ ಆಗಬಾರದೆಂದು ಪೈಲಟ್‌ಗಳು 'ಬ್ರಾವೋ', 'ಡೆಲ್ಟಾ' ಎನ್ನುತ್ತಾರೆ. ಅರಬಿಯಲ್ಲಿ ದೊಡ್ಡ ಖಾಫ್‌ನಿಂದ ಹೇಳಿದ 'ಖಲ್ಬ್' ಎಂದರೆ ಹೃದಯ. ಸಣ್ಣ ಕಾಫ್‌ನಿಂದ ಹೇಳಿದ 'ಕಲ್ಬ್' ಎಂದರೆ ನಾಯಿ. ನಮ್ಮ ದಖನಿ ಮಾತಿನಲ್ಲಿ ದೊಡ್ಡ ಖಾಫ್ ಮತ್ತು 'ಖೇ' ಎರಡೂ ಒಂದಾಗಿಬಿಟ್ಟಿವೆ. ಹಾಗಾಗಿ ಸಮಾಧಿ ಎಂಬ ಅರ್ಥದ ಮಾತೂ ಸುದ್ದಿ ಎಂಬ ಅರ್ಥದ ಮಾತೂ ನಮ್ಮ ಬಾಯಲ್ಲಿ 'ಖಬರ್' ಆಗುತ್ತವೆ. ಅಂಗಡಿಯಲ್ಲಿ ಇದರಿಂದ ನಷ್ಟವಿಲ್ಲ, ಆದರೆ ತಿಲಾವತ್‌ನಲ್ಲಿ ಅರ್ಥವೇ ಕೆಡಬಹುದು. ಕನ್ನಡ ಲಿಪಿಯಲ್ಲಿ ಬರೆದ ಸೂರಾಗಳಲ್ಲೂ ಇದೇ ತೊಡಕು. ಸೀನ್, ಸ್ವಾದ್, ಸಾ ಮೂರೂ ಅಲ್ಲಿ 'ಸ' ಆಗುತ್ತವೆ. ದೊಡ್ಡ 'ಹಾ', ಸಣ್ಣ 'ಹಾ' ಎರಡೂ 'ಹ' ಆಗುತ್ತವೆ.

ಯಂತ್ರ ಮಾಡುವುದೇನು?

ಛಂದಸ್ಸಿನ ತಂತ್ರಾಂಶ ಮೊದಲು ಸಾಲನ್ನು ಅಕ್ಷರಗಳಾಗಿ ಒಡೆಯುತ್ತದೆ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದ್ದರಿಂದ ಯಂತ್ರಕ್ಕೆ ನಮ್ಮ ಒತ್ತಕ್ಷರವೂ ಗೊತ್ತಾಗುತ್ತದೆ. 'ಬೆಳಗಾವಿ' ಎಂದರೆ ಲಘು, ಲಘು, ಗುರು, ಲಘು, ಐದು ಮಾತ್ರೆ. 'ಪುಸ್ತಕ' ಎಂದಾಗ ಒತ್ತಕ್ಷರದ ಹಿಂದಿನ 'ಪು' ಗುರುವಾಗಿ ನಾಲ್ಕು ಮಾತ್ರೆ. ಹೀಗೆ ಎಣಿಸಿ, ತನ್ನಲ್ಲಿರುವ ಛಂದಸ್ಸುಗಳ ಪಟ್ಟಿಯ ಜೊತೆ ಹೋಲಿಸುತ್ತದೆ. ಉರ್ದು ಬಹರ್ ಗುರುತಿಸುವ ತಂತ್ರಾಂಶದ ಮೇಲೆ ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸೀನ್ ಪ್ಯೂ ಕೆಲಸ ಮಾಡಿದ್ದಾರೆ.

ಯಂತ್ರ ಎಡವುದು ಬರಹದಲ್ಲಿ ಇಲ್ಲದ್ದನ್ನು ಓದಬೇಕಾದಾಗ. ಝಬರ್-ಝೇರ್ ಇಲ್ಲದೆ ಕಾಫ್, ತಾ, ಬಾ ಬರೆದರೆ ಅದು 'ಕತಬ' (ಬರೆದನು) ಆಗಬಹುದು, 'ಕುತುಬ್' (ಪುಸ್ತಕಗಳು) ಆಗಬಹುದು, ಲಘು-ಗುರುಗಳ ಜೋಡಣೆಯೂ ಬದಲಾಗುತ್ತದೆ. ಕನ್ನಡದಲ್ಲಿ ಶಿಥಿಲದ್ವಿತ್ವ ಎಂಬುದಿದೆ: ಒತ್ತಕ್ಷರವಿದ್ದರೂ ಉಚ್ಚಾರ ತೇಲಿಹೋಗಿ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಇದನ್ನು ಚರ್ಚಿಸಿದ್ದಾನೆ. ಬೀಸುವ ಕಲ್ಲಿನ ಮುಂದೆ ನಮ್ಮ ಅಜ್ಜಿ-ನಾನಿಯರು ಹಾಡಿದ ತ್ರಿಪದಿಯಲ್ಲಂತೂ ಎಷ್ಟು ಎಳೆಯಬೇಕೆಂಬುದು ಹಾಡುವವರ ಉಸಿರಿನಲ್ಲಿರುತ್ತದೆ, ಕಾಗದದಲ್ಲಿ ಅಲ್ಲ.

ದನಿಯನ್ನೇ ನೋಡುವ ಯಂತ್ರ ಬೇರೆ. 1940ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಮಾತನ್ನು ಚಿತ್ರವಾಗಿ ತೋರಿಸುವ ಯಂತ್ರ ಮಾಡಿದರು. ಇಂದು ಅದನ್ನೇ ಮನೆಯ ಕಂಪ್ಯೂಟರ್‌ನಲ್ಲಿ ಮಾಡುವ 'ಪ್ರಾಟ್' ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಅದನ್ನು ರೂಪಿಸಿದರು. ಸೀನ್ ಮತ್ತು ಸ್ವಾದ್‌ಗಳ ನಂತರ 'ಆ' ಸ್ವರ ಹೇಳಿ ನೋಡಿದರೆ, ಸ್ವಾದ್‌ನ ಪಕ್ಕದಲ್ಲಿ ದನಿಯ ಎರಡನೇ ಪಟ್ಟಿ ಕೆಳಗಿಳಿದಿರುವುದು ತೆರೆಯ ಮೇಲೆ ಕಾಣುತ್ತದೆ. ನಮ್ಮ ಹಜರತ್‌ಗಳು 'ಬಾಯಿ ತುಂಬಿ ಹೇಳು' ಎನ್ನುವುದರ ಚಿತ್ರ ಅದು. ಆದರೆ ಒಂದು ಹರಕತ್‌ಗೆ ಇಷ್ಟೇ ಮಿಲಿಸೆಕೆಂಡ್ ಎಂಬ ನಿಯಮವಿಲ್ಲ. ನಿಧಾನವಾಗಿ ಓದುವವರ ಹರಕತ್ ದೊಡ್ಡದು, ವೇಗವಾಗಿ ಓದುವವರದ್ದು ಚಿಕ್ಕದು. ಒಂದಕ್ಕೊಂದರ ಪ್ರಮಾಣ ತಪ್ಪಬಾರದು, ಅಷ್ಟೆ. ಕನ್ನಡದ ಮಾತ್ರೆಯೂ ಹೀಗೆಯೇ.

ಗ್ರಂಥ ಒಂಟಿಯಾಗಿ ಹೋಗಲಿಲ್ಲ

ಹಝ್ರತ್ ಉಸ್ಮಾನ್(ರ) ತಮ್ಮ ಖಿಲಾಫತ್‌ನಲ್ಲಿ ಮುಸ್‌ಹಫ್‌ನ ಪ್ರತಿಗಳನ್ನು ಬೇರೆ ಬೇರೆ ನಗರಗಳಿಗೆ ಕಳುಹಿಸಿದರು. ಪ್ರತಿಯ ಜೊತೆಗೆ ಓದಿಸುವವರನ್ನೂ ಕಳುಹಿಸಿದರು ಎಂದು ವಿದ್ವಾಂಸರು ದಾಖಲಿಸಿದ್ದಾರೆ. ಬರಹ ಎಷ್ಟೇ ಶುದ್ಧವಾಗಿದ್ದರೂ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಶಿಷ್ಯನ ಬಾಯಿಂದ ಗುರುವಿನ ಕಿವಿಗೆ ಹೋಗಿ ಬರಬೇಕೆಂಬ ಪದ್ಧತಿ ಅಲ್ಲಿಂದ ಇಲ್ಲಿಯವರೆಗೂ ಮುರಿದಿಲ್ಲ. ಮುಸ್‌ಹಫ್ಪನ್ನೇ ಗುರುವಿಲ್ಲದೆ ಕಳುಹಿಸದ ಸಮುದಾಯ, ಮಗುವಿನ ಕೈಗೆ ಬರೀ ಮೊಬೈಲ್ ಕೊಟ್ಟು ಸುಮ್ಮನಾಗಬಹುದೇ?

ಆ್ಯಪ್‌ಗಳು ಸಾಮಾನ್ಯವಾಗಿ ಕೇಳಿದ ದನಿಯನ್ನು ಪದವಾಗಿ ಊಹಿಸಿ ಮೂಲದ ಜೊತೆ ಹೋಲಿಸುತ್ತವೆ. ಬಿಟ್ಟುಹೋದ ಪದ ಹಿಡಿಯಲು ಇದು ಚೆನ್ನಾಗಿದೆ. ಹಿಫ್ಝ್ ಮಾಡುವ ಮಗು ಮನೆಯಲ್ಲಿ ಪಾಠ ಮರಳಿ ಹೇಳಲು ಬಳಸಲಿ. ಆದರೆ ನಾಲಿಗೆ ಎಲ್ಲಿ ತಾಗಬೇಕಿತ್ತು, ಎಲ್ಲಿ ತಾಗಿತು ಎಂದು ನೋಡಿ ತಿದ್ದುವುದು ಎದುರಿಗೆ ಕೂತ ಗುರುವಿನ ಕೆಲಸ.

ಇನ್ನೊಂದು ಮಾತು ನಮ್ಮ ಹಿರಿಯರ ಬಗ್ಗೆ. ಹಲ್ಲು ಉದುರಿದ ಅಜ್ಜ, ಐವತ್ತು ದಾಟಿದ ಮೇಲೆ ಕಾಯಿದಾ ಹಿಡಿದ ತಾಯಿ, ಇವರ ಓದಿಗೆ ಆ್ಯಪ್ ಸಾಲುಸಾಲಾಗಿ ತಪ್ಪು ತೋರಿಸಬಹುದು. ಅದನ್ನು ನೋಡಿ ಮನೆಯ ಮಕ್ಕಳು ನಗಬಾರದು, ಅವರು ಓದು ಬಿಡಬಾರದು. ತಡವರಿಸುತ್ತ ಕಷ್ಟಪಟ್ಟು ಓದುವವರಿಗೆ ಇಮ್ಮಡಿ ಪ್ರತಿಫಲವಿದೆ ಎಂಬ ಪ್ರವಾದಿ(ಸ)ಯವರ ಮಾತು ಹಝ್ರತ್ ಆಯಿಶಾ(ರ) ಅವರಿಂದ ಬುಖಾರಿ, ಮುಸ್ಲಿಮ್‌ಗಳಲ್ಲಿ ವರದಿಯಾಗಿದೆ. ಈ ಇಮ್ಮಡಿಯ ಲೆಕ್ಕ ಯಾವ ಯಂತ್ರದಲ್ಲೂ ಇಲ್ಲ. ಖಲೀಲರ ಕೊನೆಯ ದಿನದ ಬಗ್ಗೆ ಒಂದು ಕತೆ ಹೇಳುತ್ತಾರೆ: ಮನೆಗೆಲಸದ ಹುಡುಗಿಯೂ ಅಂಗಡಿಯವನಿಂದ ಮೋಸ ಹೋಗದಂಥ ಸುಲಭ ಲೆಕ್ಕವೊಂದನ್ನು ಯೋಚಿಸುತ್ತ ಮಸೀದಿಗೆ ಬಂದವರು ಕಂಬಕ್ಕೆ ಡಿಕ್ಕಿ ಹೊಡೆದು ತೀರಿಕೊಂಡರಂತೆ. ಅಳತೆ ಇರುವುದು ದುರ್ಬಲರ ಕೈಗೆ ಬಲ ಕೊಡಲು, ಅವರನ್ನು ನಾಚಿಸಲು ಅಲ್ಲ.

ಪ್ರಿಯ ಓದುಗರೇ, ಈ ತಿಂಗಳು ಮೂರು ಕೆಲಸ ಮಾಡೋಣ. ಕನ್ನಡ ಲಿಪಿಯಲ್ಲಿ ಸೂರಾ ಓದುವವರು ಮನೆಯಲ್ಲಿದ್ದರೆ ಅವರನ್ನು ಅರಬಿ ಕಾಯಿದಾದ ಮೊದಲ ಪುಟಕ್ಕೆ ತರೋಣ. ಮಕ್ಕಳು ಪ್ರಸ್ತಾರ ಹಾಕುವಾಗ ಪಕ್ಕದಲ್ಲಿ ಕೂತು, ಲಘು-ಗುರು ತಿಳಿದವನಿಗೆ ಮದ್ದ್ ಕಷ್ಟವಲ್ಲ ಎಂದು ತೋರಿಸಿಕೊಡೋಣ. ರಿವಾಯತ್ ಪದ, ಬೀಸುವ ಪದ ಬಲ್ಲ ಹಿರಿಯರಿದ್ದರೆ ಅವರ ಒಪ್ಪಿಗೆ ಕೇಳಿ ಅದೇ ಮೊಬೈಲ್‌ನಲ್ಲಿ ಅವರ ದನಿ ತುಂಬಿಸಿಡೋಣ. ಅವರು ಹೋದ ಮೇಲೆ ಆ ಎಳೆತವನ್ನು ಯಾವ ತಂತ್ರಾಂಶವೂ ಕಾಗದದಿಂದ ಹೊರತೆಗೆಯಲಾರದು.

ಅಲ್ಲಾಹನು ನಮ್ಮ ನಾಲಿಗೆಗೆ ಶುದ್ಧಿಯನ್ನೂ ಹೃದಯಕ್ಕೆ ನಮ್ರತೆಯನ್ನೂ ಕರುಣಿಸಲಿ. ಆಮೀನ್.